ಅಪ್ಪ ಹೊಡೆದರೆ ಯಾವ ಸೆಕ್ಷನ್?

ಸೆಮ್ ಎಕ್ಸಾಮ್ ಮುಗಿದ ದಿನವೇ ಹಾಸ್ಟೆಲ್ ಖಾಲಿಯಾಗುತ್ತೆ. ಆದರೂ ಪ್ರತಿ ಸಲ ಒಂದಿಬ್ಬರು ಉಳಿದುಕೊಳ್ಳುತ್ತಾರೆ. ಕೇಳಿದರೆ ‘ಪ್ರಾಜೆಕ್ಟ್ ಇದೆ’ ಅನ್ನುತ್ತಾರೆ. ನಮ್ಮ ಗೆಳತಿಯೊಬ್ಬಳು ಎರಡು ರಜೆ ಹೀಗೇ ಕಳೆದಳು. ಮೂರನೇ ರಜೆಗೆ ಊರಿಗೆ ಹೋಗಿ ಬಂದಾಗ ತೋಳಿನ ಮೇಲೆ ಬಾಸುಂಡೆ ಇತ್ತು. ‘ಅಪ್ಪ’ ಅಂದಳು, ಅಷ್ಟೇ. ಕಂಪ್ಲೇಂಟ್ ಕೊಡೋಣ್ವಾ ಅಂತ ಕೇಳಿದ್ವಿ. ‘ಅಪ್ಪ ಹೊಡೆದ್ರೆ ಸೆಕ್ಷನ್ ಇದ್ಯಾ?’ ಅಂತ ಅವಳೇ ತಿರುಗಿ ಕೇಳಿದಳು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹುಡುಕಿ ಓದಿದ್ವಿ.

ಮನೆಯೊಳಗಿನ ಹಿಂಸೆ ಅಂದ ಕೂಡಲೇ ಎಲ್ಲರ ಬಾಯಿಗೆ ಬರುವುದು 498ಎ. 1983ರಲ್ಲಿ ಐಪಿಸಿಗೆ ಸೇರಿದ ಈ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಸೆಕ್ಷನ್‌ಗಳಲ್ಲಿದೆ. ಗಂಡನಾಗಲಿ, ಗಂಡನ ಕಡೆಯವರಾಗಲಿ ಹೆಂಡತಿಯ ಮೇಲೆ ಕ್ರೌರ್ಯ ಎಸಗಿದರೆ 3 ವರ್ಷದವರೆಗೆ ಜೈಲು. 18 ತುಂಬದ ಮಕ್ಕಳಿಗೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ. ಹದಿನೆಂಟು ದಾಟಿದವರು, ಇನ್ನೂ ಮದುವೆ ಆಗದವರು ಎಲ್ಲಿ ಹೋಗಬೇಕು? ಈ ಕ್ಯಾಂಪಸ್ಸಿನ ಬಹುತೇಕ ಎಲ್ಲರೂ ಆ ಸಂದಿಯಲ್ಲೇ ಇದ್ದೇವೆ.

ನಮಗೆ ಉಳಿಯುವುದು ಸಂಹಿತೆಯ 115(2): ಸಾಮಾನ್ಯ ಗಾಯ. 1 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಮೂಳೆ ಮುರಿದರೆ, ಹಲ್ಲು ಉದುರಿದರೆ ಕೇಸು ಬೇರೆಯಾಗುತ್ತೆ.

ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೊಡೆದರೂ ಇದೇ ಸೆಕ್ಷನ್. ಆದರೆ ಬಸ್ ಸ್ಟ್ಯಾಂಡಿನವನು ಹೊಡೆದು ಹೊರಟುಹೋಗುತ್ತಾನೆ. ಮನೆಯಲ್ಲಿ ಹೊಡೆದವರ ಜೊತೆಗೇ ರಾತ್ರಿ ಊಟಕ್ಕೆ ಕೂರಬೇಕು. ಮುಂದಿನ ಸೆಮ್ ಫೀಸಿಗೂ ಅವರ ಮುಂದೆಯೇ ನಿಲ್ಲಬೇಕು. ಕಾನೂನು ಒಂದು ಏಟನ್ನು ನೋಡುತ್ತೆ, ಹತ್ತು ವರ್ಷದ ಭಯವನ್ನು ನೋಡಲ್ಲ. ಹೆಂಡತಿಯ ವಿಷಯದಲ್ಲಿ ಈ ವ್ಯತ್ಯಾಸ ಅರ್ಥವಾದದ್ದಕ್ಕೇ 498ಎ ಬಂದದ್ದು. ಮಗಳ ವಿಷಯದಲ್ಲಿ ಯಾಕೆ ಅರ್ಥವಾಗಬಾರದು?

ಒಂದು ದಾರಿ ಇದೆ, ಅದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಂಡತಿಯರಿಗೆ ಮಾತ್ರವಲ್ಲ, ಮಗಳಿಗೂ ತಂಗಿಗೂ ಅನ್ವಯಿಸುತ್ತೆ. ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಡಬಹುದು, ಮನೆಯಿಂದ ಹೊರಹಾಕದಂತೆ ತಡೆಯಬಹುದು. ಆ ಆದೇಶ ಮೀರಿದರೆ ಆಗ ಅದು ಅಪರಾಧ: 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ. ಆದರೆ ಈ ಕಾಯ್ದೆ ಮಹಿಳೆಯರಿಗೆ ಮಾತ್ರ. ಬೆಲ್ಟಿನೇಟು ತಿಂದು ಬರುವ ನಮ್ಮ ಹುಡುಗರಿಗೆ ಇದೂ ಇಲ್ಲ.

‘ಹಾಗಾದ್ರೆ ಅಪ್ಪ ಅಮ್ಮನ್ನ ಜೈಲಿಗೆ ಹಾಕಿಸ್ತೀರಾ?’ ಅಂತ ಕೇಳುವವರಿದ್ದಾರೆ. ದುರುಪಯೋಗ ಆಗುತ್ತೆ ಅನ್ನುವವರೂ ಇದ್ದಾರೆ. 7 ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಕಾರಣವಿಲ್ಲದೆ ಬಂಧಿಸಬಾರದು ಅಂತ ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲೇ ಹೇಳಿದೆ. ನಮಗೆ ಬೇಕಿರುವುದು ಜೈಲಲ್ಲ, ಏಟು ನಿಲ್ಲುವುದು. 85ನೇ ಸೆಕ್ಷನ್ನಿನ ‘ಗಂಡ ಮತ್ತು ಅವನ ಸಂಬಂಧಿಗಳು’ ಅನ್ನುವ ಪಟ್ಟಿಗೆ ಒಂದೇ ಸೂರಿನಡಿ ಇರುವ ತಂದೆ, ತಾಯಿ, ಅಣ್ಣನೂ ಸೇರಲಿ. ದೂರುವ ಹಕ್ಕು ಮಗನಿಗೂ ಇರಲಿ.

ಕಾನೂನು ಬದಲಾಗೋಕೆ ವರ್ಷಗಳು ಬೇಕು. ರಜೆಯಲ್ಲೂ ಹಾಸ್ಟೆಲ್ ತೆರೆದಿಡೋಕೆ ಕಾಲೇಜಿನ ಒಂದು ಸರ್ಕ್ಯುಲರ್ ಸಾಕು. ಅಲ್ಲಿಯವರೆಗೆ ಮಹಿಳಾ ಸಹಾಯವಾಣಿ 181 ಮತ್ತು ತುರ್ತು ಸಂಖ್ಯೆ 112 ಫೋನಿನಲ್ಲಿರಲಿ. ಯಾರಾದರೂ ‘ಪ್ರಾಜೆಕ್ಟ್ ಇದೆ, ಊರಿಗೆ ಹೋಗಲ್ಲ’ ಅಂದರೆ ಇನ್ನೊಂದು ಸಲ ಕೇಳೋಣ.