ಸೋರಿಯಾಸಿಸ್ ಎಂದರೆ ‘ರಕ್ತ ಕೆಟ್ಟಿದೆ’ ಎಂದೇ?

ಸೋರಿಯಾಸಿಸ್ ಇರುವವರಿಗೆ ‘ರಕ್ತ ಕೆಟ್ಟಿದೆ, ರಕ್ತಶುದ್ಧಿ ಔಷಧಿ ತಗೊಳ್ಳಿ’ ಎನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಇದು ನಿಜವೇ?

ಸೋರಿಯಾಸಿಸ್ ರೋಗನಿರೋಧಕ ವ್ಯವಸ್ಥೆಯ ಏರುಪೇರಿನಿಂದ ಬರುವ ಕಾಯಿಲೆ. ಸಾಮಾನ್ಯವಾಗಿ ಸುಮಾರು 28 ದಿನಗಳಲ್ಲಿ ಬೆಳೆದು ಉದುರುವ ಚರ್ಮದ ಜೀವಕೋಶಗಳು ಇಲ್ಲಿ ಕೆಲವೇ ದಿನಗಳಲ್ಲಿ ಮೇಲೆ ಬಂದು ಬಿಳಿ ಹೊಟ್ಟಿನಂತೆ ಕೂರುತ್ತವೆ. ಮುಟ್ಟಿದರೆ, ಜೊತೆಗೆ ಉಂಡರೆ ಇದು ಹರಡುವುದಿಲ್ಲ.

ಹಾಗಾದರೆ ರಕ್ತದಲ್ಲಿ ಏನೂ ಆಗುವುದಿಲ್ಲವೇ? ಆಗುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಸಣ್ಣ ರಕ್ತನಾಳಗಳಲ್ಲಿ ಬಾಗಿ ನುಸುಳಲು ಅದರ ಹೊರಪೊರೆ ಮೆತ್ತಗಿರಬೇಕು. ಸೋರಿಯಾಸಿಸ್ ಇರುವವರಲ್ಲಿ ಈ ಪೊರೆಗೆ ಆಕ್ಸಿಡೀಕರಣದಿಂದ ಹಾನಿಯಾಗಿರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಇದನ್ನು ದೇಹದೊಳಗಿನ ಉರಿಯೂತದ ಪರಿಣಾಮವೆಂದು ನೋಡಲಾಗುತ್ತದೆ, ಕಾಯಿಲೆಯ ಮೂಲವೆಂದಲ್ಲ. ಮಸಿ ಹಿಡಿದ ಗೋಡೆ ತೊಳೆದರೆ ಒಲೆ ಆರುವುದಿಲ್ಲ.

ಸೇಡಂ, ಚಿತ್ತಾಪುರ, ವಾಡಿಯ ಸಿಮೆಂಟ್ ಕಾರ್ಖಾನೆಗಳಲ್ಲಿ, ಶಹಾಬಾದ್‌ನ ಕಲ್ಲುಗಣಿಗಳಲ್ಲಿ ದುಡಿಯುವವರು ಇನ್ನೊಂದು ವಿಷಯ ಗಮನಿಸಬೇಕು. ಗಾಯ, ಗೀರು ಆದ ಜಾಗದಲ್ಲಿ ಸೋರಿಯಾಸಿಸ್ ಹೊಸದಾಗಿ ಏಳಬಹುದು. ಹಸಿ ಸಿಮೆಂಟ್‌ನಿಂದ ಆಗುವ ತುರಿಕೆ, ಬಿರುಕು ಬೇರೆಯೇ ತೊಂದರೆ, ಚಿಕಿತ್ಸೆಯೂ ಬೇರೆ.

ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಮೊದಲು ಗುಣವಾದಂತೆ ಕಂಡು, ನಿಲ್ಲಿಸಿದ ಮೇಲೆ ಮೈತುಂಬ ಉಲ್ಬಣಿಸಬಹುದು. ಸೇಡಂ, ಚಿತ್ತಾಪುರ, ಚಿಂಚೋಳಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಬೇಕಾದರೆ ಕಲಬುರಗಿಯ ಜಿಮ್ಸ್‌ಗೆ ಹೋಗಬಹುದು. ಕೀಲುನೋವಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಸೋರಿಯಾಸಿಸ್ ಕೀಲುಗಳಿಗೂ ಇಳಿಯುತ್ತದೆ.

‘ರಕ್ತಶುದ್ಧಿ’ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ.