ಕಲ್ಲಿನ ಕಂಬಗಳ ದ್ವೀಪ

ಟಿ.ವಿ.ಯಲ್ಲಿ ವೆಸ್ಟ್ ಇಂಡೀಸ್ ಕ್ರಿಕೆಟ್ ನೋಡುತ್ತಿದ್ದ ಮಗ, “ಅಪ್ಪಾ, ರಜಕ್ಕೆ ಅಲ್ಲಿಗೇ ಹೋಗೋಣ” ಎಂದ. ಮೇಷ್ಟ್ರ ಸಂಬಳದಲ್ಲಿ ಕೆರಿಬಿಯನ್ ಪ್ರವಾಸವೇ? “ಅಲ್ಲಿಯ ಎಷ್ಟೋ ದ್ವೀಪಗಳು ಜ್ವಾಲಾಮುಖಿಯಿಂದ ಹುಟ್ಟಿದವು ಕಣೋ. ಅಂಥದೊಂದು ನಮ್ಮಲ್ಲೂ ಇದೆ, ತೋರಿಸ್ತೀನಿ” ಎಂದೆ. ಬಾಶೆಟ್ಟಿಹಳ್ಳಿಯಿಂದ ಬೆಂಗಳೂರಿಗೆ ಬಂದು, ರಾತ್ರಿ ಬಸ್ಸು ಹಿಡಿದು ಉಡುಪಿ ಸೇರಿದೆವು. ಕೃಷ್ಣನ ದರ್ಶನ ಮುಗಿಸಿ, ಮಲ್ಪೆಯಲ್ಲಿ ದೋಣಿ ಹತ್ತಿದೆವು.

ಸೇಂಟ್ ಮೇರೀಸ್ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದ, ಈ ಹೆಸರು ಅವನಿಂದಲೇ ಬಂತು ಎಂಬುದು ಪ್ರತೀತಿ. ತೆಂಗಿನ ಮರಗಳ ಆಚೆ, ನೀರಿನಂಚಿನಲ್ಲಿ ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ. “ಯಾರೋ ಉಳಿ ಹಿಡಿದು ಕೆತ್ತಿದ ಹಾಗಿದೆಯಲ್ಲ!” ಎಂದಳು ನನ್ನಾಕೆ.

ಕೆತ್ತಿದವರು ಯಾರೂ ಇಲ್ಲ. ಲಾವಾರಸ ತಣ್ಣಗಾಗುವಾಗ ಕುಗ್ಗುತ್ತದೆ. ಎಲ್ಲ ದಿಕ್ಕಿಗೂ ಸಮನಾಗಿ ಸೆಳೆತ ಬಿದ್ದಾಗ ಮೂರು ಬಿರುಕುಗಳು ಸುಮಾರು 120 ಡಿಗ್ರಿ ಕೋನದಲ್ಲಿ ಕೂಡಿಕೊಳ್ಳುತ್ತವೆ. ಇಂಥ ಬಿರುಕುಗಳು ಸೇರಿದರೆ ಜೇನುಗೂಡಿನಂಥ ಷಟ್ಕೋನ. ತಂಪು ಒಳಕ್ಕಿಳಿದಂತೆ ಬಿರುಕೂ ಇಳಿದು ಕಂಬವಾಗುತ್ತದೆ. ಮಗ ಎಣಿಸಿ, “ಇದಕ್ಕೆ ಐದೇ ಮುಖ!” ಎಂದು ಕೂಗಿದ. ನಿಜ, ಐದು, ಏಳು ಮುಖದವೂ ಇವೆ. ಪ್ರಕೃತಿಗೆ ಕೈವಾರ, ಕೋನಮಾಪಕಗಳಿಲ್ಲ.

ಈ ಶಿಲೆಗೆ ಸುಮಾರು 9 ಕೋಟಿ ವರ್ಷ. ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಟ್ಟ ಕಾಲದ್ದು. ದಖನ್ನಿನ ಕಪ್ಪುಶಿಲೆಗೆ ಸುಮಾರು 6.6 ಕೋಟಿ ವರ್ಷವಷ್ಟೆ.

ಇನ್ನು ನನ್ನ ತಪ್ಪೊಪ್ಪಿಗೆ. ಶಾಲೆಯ ಪ್ರಯೋಗಾಲಯಕ್ಕೆಂದು ಒಡೆದು ಬಿದ್ದಿದ್ದ ಒಂದು ತುಂಡನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡೆ. ಪಿ.ಯು.ಸಿ. ಓದುವ ಮಗಳು ನೋಡಿಬಿಟ್ಟಳು. “ಅಪ್ಪಾ, ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ದೋಣಿಯಲ್ಲಿ ನೀವೇ ಹೇಳಿದ್ರಲ್ಲ? ಬಂದವರೆಲ್ಲ ಒಂದೊಂದು ಒಯ್ದರೆ?” ಮೂವತ್ತು ವರ್ಷ ಪ್ರಶ್ನೆ ಕೇಳಿದವನಿಗೆ ಉತ್ತರ ಹೊಳೆಯಲಿಲ್ಲ. ಕಲ್ಲನ್ನು ಇದ್ದಲ್ಲೇ ಇಟ್ಟೆ.

ಪಾಲಕರಿಗೆ ಒಂದು ಮಾತು. ಮಳೆಗಾಲದಲ್ಲಿ ಅಲ್ಲಿಗೆ ದೋಣಿಗಳಿರುವುದಿಲ್ಲ. ಉಳಿದ ದಿನಗಳಲ್ಲೂ ಪಾಚಿ ಕಟ್ಟಿದ ಅಂಚಿನ ಬಂಡೆಗಳು ಅಪಾಯ. 2022ರ ಏಪ್ರಿಲ್‌ನಲ್ಲಿ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಫೋಟೋ ಆಸೆಗೆ ಮಕ್ಕಳನ್ನು ಅಂಚಿಗೆ ಬಿಡಬೇಡಿ.

ವಿದ್ಯಾರ್ಥಿಗಳೇ, ಕಂಬಗಳನ್ನು ಮನೆಯಲ್ಲೇ ಮಾಡಿ ನೋಡಿ. ಗಾಜಿನ ಬಟ್ಟಲಲ್ಲಿ ಕಾರ್ನ್‌ಫ್ಲೋರ್ ಹಿಟ್ಟು, ನೀರು ಸಮ ಸಮ ಕಲಸಿ, ಒಂದು ವಾರ ಅಲುಗಿಸದೆ ಚೆನ್ನಾಗಿ ಒಣಗಿಸಿ. ಆಮೇಲೆ ನಿಧಾನವಾಗಿ ಮುರಿಯಿರಿ. ಒಳಗೆ ಸಣ್ಣ ಸಣ್ಣ ಕಂಬಗಳು! ಅಲ್ಲಿ ಕುಗ್ಗಿಸಿದ್ದು ತಂಪು, ಇಲ್ಲಿ ಕುಗ್ಗಿಸುವುದು ನೀರಿನ ಆವಿಯಾಗುವಿಕೆ. ಬಿರುಕಿನ ಲೆಕ್ಕ ಮಾತ್ರ ಒಂದೇ.

ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಕಲ್ಲಿಗೆಂದು ಖಾಲಿ ಮಾಡಿದ್ದ ಜಾಗದಲ್ಲಿ ಈಗ ಆ ಬಟ್ಟಲಿದೆ.