ಹಿಡಿಯೊಳಗಿನ ತುಕ್ಕು

ಮಕ್ಕಳೇ, ತುಕ್ಕು ಕಂಡರೆ ತಿಕ್ಕಿ ತೆಗೆಯುವುದು ನಮ್ಮ ರೂಢಿ. ಜಪಾನಿನಲ್ಲಿ ಮುತ್ತಜ್ಜನ ಕಾಲದ ಕತ್ತಿಗೆ ಹಾಗೆ ಮಾಡಿದರೆ ಅದರ ಗುರುತೇ ಅಳಿಸಿಹೋದೀತು!

ಅಲ್ಲಿನ ‘ಕತಾನ’ ಕತ್ತಿಯ ಹಿಡಿಯನ್ನು ಅಲಗಿಗೆ ಬಿಗಿಯುವುದು ಒಂದು ಪುಟ್ಟ ಬಿದಿರಿನ ಗೂಟ. ಬಲ್ಲವರು ಅದನ್ನು ಮೆಲ್ಲಗೆ ತಟ್ಟಿ ತೆಗೆದು ಹಿಡಿ ಕಳಚಿದರೆ, ಒಳಗಿದ್ದ ಅಲಗಿನ ಬುಡ ಕಾಣುತ್ತದೆ. ಕಮ್ಮಾರ ತನ್ನ ಹೆಸರು ಕೊರೆಯುವುದು ಅಲ್ಲಿಯೇ. ಕೆಲವು ಕತ್ತಿಗಳಲ್ಲಿ ಹೆಸರಿಲ್ಲ. ಕೆಲವದರಲ್ಲಿ ಸುಳ್ಳು ಹೆಸರು! ಆಗ ತುಕ್ಕೂ ಸಾಕ್ಷಿ ಹೇಳುತ್ತದೆ: ಹೊಸ ತುಕ್ಕು ಕೆಂಪು, ಶತಮಾನಗಳಷ್ಟು ಹಳೆಯದು ಕಪ್ಪು. ನನಗಂತೂ ಅದು ಅಜ್ಜಿಯ ಮುಖದ ಸುಕ್ಕಿನಷ್ಟೇ ಬೆಲೆಯುಳ್ಳದ್ದು.

ಹೊಳೆಯುವ ಅಲಗಿನ ಆರೈಕೆಯೇ ಬೇರೆ. ಬೆವರಿನಿಂದ ತುಕ್ಕು ಹಿಡಿಯುವುದರಿಂದ ಅದನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಹಳೆಯ ಎಣ್ಣೆ ಒರೆಸಿ, ಲವಂಗದ ಪರಿಮಳದ ಎಣ್ಣೆಯನ್ನು ತೆಳ್ಳಗೆ ಸವರುತ್ತಾರೆ. ಸಾಣೆ ಹಿಡಿಯುವುದು ಪಳಗಿದ ಕುಶಲಕರ್ಮಿಯ ಕೆಲಸ.

ಮನೆಯಲ್ಲಿ ಇಂಥ ಕತ್ತಿ ಸಿಕ್ಕರೆ ಜಪಾನೀಯರು ಪೊಲೀಸರಿಗೆ ತಿಳಿಸಬೇಕು. ಪರಿಣತರು ಪರೀಕ್ಷಿಸುತ್ತಾರೆ. 1958ರ ಕಾನೂನಿನಂತೆ, ಸಾಂಪ್ರದಾಯಿಕ ರೀತಿಯಲ್ಲಿ ಬಡಿದು ಮಾಡಿದ ಕತ್ತಿಗೆ ನೋಂದಣಿ ಪತ್ರ ಸಿಗುತ್ತದೆ. ಯುದ್ಧಕಾಲದಲ್ಲಿ ಯಂತ್ರದಿಂದ ಮಾಡಿದ್ದಾದರೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಮುತ್ತಜ್ಜನದೇ ಆದರೂ ಒಪ್ಪಿಸಬೇಕು.

ನಿಮ್ಮ ಅಟ್ಟದ ಮೇಲೂ ಹಳೆಯ ಸಾಮಾನುಗಳಿರಬಹುದು. ತಿಕ್ಕುವ ಮೊದಲು ಅಜ್ಜನನ್ನು ಕೇಳಿ: “ಇದು ಯಾರದು, ತಾತಾ?”